ಸಿಟ್ಟಿನ ಅಕ್ಕೋರು

ಅವರು ತೀರಿಕೊಂಡ ಸುದ್ದಿ ನನಗೆ ಬಂದದ್ದು ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಎಲ್ಲರಿಗಿಂತ ಮೊದಲು 'ಓಂ ಶಾಂತಿ. ಶಾಂತ ಸ್ವಭಾವದ ಆದರ್ಶ ಶಿಕ್ಷಕಿ' ಎಂದು ಬರೆದವರು ನಮ್ಮ ಶಾಲೆಯ ಈಗಿನ ಮುಖ್ಯೋಪಾಧ್ಯಾಯರು. ಆ ಸಾಲು ಓದಿದಾಗ ಅಳು ಬರಬೇಕಾದಲ್ಲಿ ನನಗೆ ಸಿಟ್ಟು ಬಂತು. ತೀರಿಕೊಂಡವರ ಕೈಕೆಳಗೆ ನಾನು ಎಂಟೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಅಷ್ಟು ವರ್ಷದಲ್ಲಿ ಅವರು ಶಾಂತವಾಗಿದ್ದದ್ದನ್ನು ಕಂಡಿದ್ದರೆ ಅದು ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಾಗ ಮಾತ್ರ. ಎಚ್ಚರವಿದ್ದಷ್ಟು ಹೊತ್ತು ಅವರಿಗೆ ಯಾರ ಮೇಲಾದರೂ, ಯಾವುದರ ಮೇಲಾದರೂ ಸಿಟ್ಟಿರುತ್ತಿತ್ತು. ಆ ಸಿಟ್ಟಿನಿಂದ ಯಾರು ಬದುಕಿಕೊಂಡರು, ಯಾರಿಗೆ ಅದು ಚುಚ್ಚಿತು ಎಂಬುದು ನಮ್ಮ ಸೀಮೆಯಲ್ಲಿ ಗೊತ್ತಿರುವವರಿಗೆಲ್ಲ ಗೊತ್ತು. ಚುಚ್ಚಿಸಿಕೊಂಡವರೇ ಈಗ ಶಾಂತಿಯ ಹಾರ ಹಾಕಲು ಮುಂದೆ ಬಂದಿದ್ದಾರೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಅದನ್ನು ಒಂದು ಬ್ಯಾನರಿಗೆ ಏರಿಸಿ, ಪಕ್ಕದಲ್ಲಿ ತಮ್ಮ ಫೋಟೋ ಹಾಕಿಕೊಳ್ಳುತ್ತಾರೆ. ಊರಿನವರು ಅವರನ್ನು ಅಕ್ಕೋರು ಎನ್ನುತ್ತಿದ್ದರು. ನನಗೂ ಅಷ್ಟು ಸಾಕು.

ಕೊಟ್ಟೂರಿಗೂ ಕೂಡ್ಲಿಗಿಗೂ ನಡುವಿನ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲು ನಮ್ಮದು. ನಾನು ಕನ್ನಡ ಪಾಠಕ್ಕೆ ಸೇರಿದಾಗ ಗಣಿತದ ಅಕ್ಕೋರೇ ಅಲ್ಲಿ ಹೆಡ್‌ಮಿಸ್ಸಿನ ಪ್ರಭಾರದಲ್ಲಿದ್ದರು. ಎತ್ತರದ, ಎಲುಬು ಕಾಣುವ ಮೈ. ಸೀರೆಯ ನೆರಿಗೆಯನ್ನು ಗೇಣುದ್ದ ಮೇಲೆ ಸಿಕ್ಕಿಸಿಕೊಂಡು, ಯಾರೋ ಹಿಂದೆ ಅಟ್ಟಿಸಿಕೊಂಡು ಬಂದವರಂತೆ ನಡೆಯುತ್ತಿದ್ದರು. ಸೀಮೆಸುಣ್ಣವನ್ನು ಬೀಡಿ ಹಿಡಿದಂತೆ ಎರಡು ಬೆರಳ ನಡುವೆ ಹಿಡಿಯುತ್ತಿದ್ದರು. ಮಧ್ಯಾಹ್ನದ ರೊಟ್ಟಿಯನ್ನು ನಿಂತೇ ತಿಂದು ಮುಗಿಸುತ್ತಿದ್ದರು. ಕೂತು ಉಣ್ಣಿರಿ ಎಂದರೆ, ಕುಂತರೆ ಏಳಲು ಮನಸ್ಸಾಗುವುದಿಲ್ಲ ಎನ್ನುತ್ತಿದ್ದರು.

ಮೊದಲ ವಾರವೇ ನನ್ನನ್ನು ಕರೆದು, ಪಾಠ ಯಾರಿಗೆ ಮಾಡುತ್ತೀರಿ ಎಂದು ಕೇಳಿದರು. ಎಲ್ಲರಿಗೂ ಎಂದೆ.

"ಎಲ್ಲಾರಿಗೂ ಅಂತ ಎಲ್ಲಾರೂ ಅಂತಾರ. ಹಿಂದಿನ ಬೆಂಚಿನ ಮೂರು ಮಂದಿ ಹೆಸರು ಹೇಳ್ರಿ ನೋಡೂನು."

ನನಗೆ ಒಂದು ಹೆಸರೂ ಬರಲಿಲ್ಲ. ಸೇರಿ ವಾರವಾಗಿತ್ತಷ್ಟೆ, ಎಂದು ಈಗಲೂ ಅನ್ನಿಸುತ್ತದೆ. ಅವರಿಗೆ ಅನ್ನಿಸಲಿಲ್ಲ. ಆ ದಿನ ಸಂಜೆಯವರೆಗೂ ನನ್ನೊಡನೆ ಮಾತಾಡಲಿಲ್ಲ. ಅವರ ಸಿಟ್ಟು ಯಾವಾಗಲೂ ನ್ಯಾಯದ್ದೇ ಆಗಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಒಮ್ಮೆ ಬಸ್ಸು ಕೆಟ್ಟು ತಡವಾಗಿ ಬಂದಾಗ ಮಕ್ಕಳೆದುರೇ ನನ್ನನ್ನು ಬೈದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಮರುದಿನ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ ಇತ್ತು.

ಆ ಸಿಟ್ಟಿನ ಬೇರು ಅವರ ಊರಾದ ಮಾಗಳದಲ್ಲಿತ್ತು. ಅದನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ನಮ್ಮ ಈ ಸೀಮೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಹೈಸ್ಕೂಲು ಎಂಬುದು ತಾಲ್ಲೂಕಿಗೆ ಒಂದಿದ್ದರೆ ಹೆಚ್ಚು. ಅವರ ಅಪ್ಪ ಹೊಳೆದಂಡೆಯ ಮಾಗಳದಿಂದ ಹಡಗಲಿಗೆ ದಿನಾ ನಡೆದು ಹೋಗಿ ಓದಿದವರು. ಬ್ರಿಟಿಷರು ಹೋದ ಹೊಸತರಲ್ಲಿ ಎಸ್ಸೆಸ್ಸೆಲ್ಸಿಗೆ ಕೂತರು. ಉಳಿದೆಲ್ಲ ವಿಷಯ ದಾಟಿ ಇಂಗ್ಲಿಷ್ ಒಂದರಲ್ಲಿ ಹೋಯಿತು. ಊರಿನಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಆದರೂ ಅಂದಿನಿಂದ ಅವರಿಗೆ ಫೇಲ್ ಬಸಪ್ಪ ಎಂಬ ಹೆಸರು ಬಿತ್ತು. ಮಗಳ ಮದುವೆಯ ಮಾತುಕತೆಯಲ್ಲಿ ಬೀಗರೂ ಹಾಗೆಯೇ ಕರೆದರಂತೆ. ಅವರು ಸತ್ತ ದಿನ ಕೂಡ ಕಟ್ಟೆಯ ಮೇಲೆ ಕೂತವರು ಫೇಲ್ ಬಸಪ್ಪ ಹೋದ ಎಂದು ಮಾತಾಡಿಕೊಂಡದ್ದು ಅಕ್ಕೋರ ಕಿವಿಗೆ ಬಿದ್ದಿತ್ತು.

"ಬ್ರಿಟಿಷರಿಗೆ ಕಚೇರಿಗೆ ನಾಕು ಮಂದಿ ಗುಮಾಸ್ತರು ಬೇಕಾಗಿದ್ರು. ನಾಕು ಮಂದಿನ್ನ ಆರಿಸಾಕ ಒಂದು ಜರಡಿ ಮಾಡಿದ್ರು. ಅವರು ಹೋದ್ರು, ಜರಡಿ ಇಲ್ಲೇ ಬಿಟ್ಟು ಹೋದ್ರು. ನಾವು ಅದಕ್ಕ ಕುಂಕುಮ ಹಚ್ಚಿ ಪೂಜಿ ಮಾಡಾಕ ಹತ್ತೀವಿ," ಎಂದರು ಅಕ್ಕೋರು.

ಬದಲಾದದ್ದು ಅವರಿಗೆ ಕಾಣುತ್ತಿರಲಿಲ್ಲ ಎಂದಲ್ಲ. ನಮ್ಮೂರಿಗೆ ಹೈಸ್ಕೂಲು ಬರುವ ಮುಂಚೆ ಏಳನೆಯ ತರಗತಿ ಮುಗಿದರೆ ಹುಡುಗಿಯರ ಓದು ಮುಗಿಯುತ್ತಿತ್ತು. ಹೈಸ್ಕೂಲು ಬಂತು, ಬಿಸಿಯೂಟ ಬಂತು, ಸೈಕಲ್ಲು ಬಂತು. ಅವ್ವಂದಿರು ಹೆಬ್ಬೆಟ್ಟು ಒತ್ತಿದ ಮನೆಗಳಿಂದ ಹೆಣ್ಣುಮಕ್ಕಳು ಎರಡು ಜಡೆ ಹಾಕಿಕೊಂಡು ಒಂಬತ್ತನೆಯ ತರಗತಿಗೆ ಬಂದು ಕೂತರು. ಸರ್ಕಾರ ಬಾಗಿಲು ತೆಗೆಯಿತು, ನಾವು ಮೇಷ್ಟರು ಬಾಗಿಲಲ್ಲಿ ಕೋಲು ಹಿಡಿದು ನಿಂತೆವು ಎಂಬುದು ಅಕ್ಕೋರ ದೂರು. ಹತ್ತನೆಯ ತರಗತಿಗೆ ಬರುತ್ತಿದ್ದಂತೆ ಮಕ್ಕಳು ಎರಡು ಪಾಲಾಗುತ್ತಿದ್ದರು. ಪಾಸಾಗುವವರು, ರಿಸಲ್ಟು ಕೆಡಿಸುವವರು. 'ಕೆಡಿಸುವವರು' ಎಂಬ ಮಾತು ಸ್ಟಾಫ್ ರೂಮಿನಲ್ಲಿ ಎಷ್ಟು ಸಲೀಸಾಗಿ ಓಡಾಡುತ್ತಿತ್ತೆಂದರೆ, ಮಕ್ಕಳ ಕಿವಿಗೂ ಅದು ಹೋಗಿತ್ತು. ಒಬ್ಬ ಹುಡುಗ ನನ್ನ ಹತ್ತಿರ ಬಂದು ತನ್ನ ಪರಿಚಯವನ್ನು ಆ ಮಾತಿನಲ್ಲೇ ಹೇಳಿಕೊಂಡಿದ್ದ.

ಒಂದು ವರ್ಷ ಊರಿನ ಹಿರಿಯರು ಹೆಚ್ಚು ಅಂಕ ತೆಗೆದ ಮೂವರಿಗೆ ಶಾಲು ಹೊದಿಸುವ ಕಾರ್ಯಕ್ರಮ ಮಾಡಿದರು. ಅಕ್ಕೋರು ವೇದಿಕೆ ಹತ್ತಿ, ಮೂವತ್ತೈದು ಅಂಕಕ್ಕೆ ಪಾಸಾದ ಕುರಿ ಕಾಯುವ ಮನೆಯ ಹುಡುಗನನ್ನು ಹೆಸರು ಹಿಡಿದು ಕರೆದರು. ಇವನಿಗೆ ಎಲ್ಲಿ ಶಾಲು ಎಂದು ಮೈಕಿನಲ್ಲೇ ಕೇಳಿದರು. ಮೊದಲು ಬಂದವರು ಅನುಕೂಲದ ಮನೆಗಳಿಂದ ಹೊರಟವರು, ಇವನು ಹೊರಟ ಜಾಗ ನಿಮಗೆ ಗೊತ್ತೇನು ಎಂದರು. ಹಿರಿಯರೊಬ್ಬರು ತಮ್ಮ ಹೆಗಲ ಮೇಲಿನ ವಲ್ಲಿಯನ್ನೇ ತೆಗೆದು ಆ ಹುಡುಗನಿಗೆ ಹೊದಿಸಿದರು. ಆಮೇಲೆ ಆ ಹಿರಿಯರು ಅಕ್ಕೋರಿದ್ದ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಈಗ ಹುಲಿಗೆಮ್ಮನ ವಿಷಯ ಹೇಳಬೇಕು.

ಹುಲಿಗೆಮ್ಮನ ಅಪ್ಪ ಅವ್ವ ಕಬ್ಬು ಕಡಿಯಲು ಮಂಡ್ಯದ ಕಡೆಗೆ ಹೋಗುವವರು. ಹತ್ತನೆಯ ತರಗತಿಯಲ್ಲಿದ್ದಾಗ ಅವಳನ್ನೂ ಕರೆದುಕೊಂಡು ಹೋದರು. ಅಡುಗೆಗೆ, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅಕ್ಕೋರು ಅವಳ ಅಜ್ಜಿಯ ಮನೆಗೆ ಹೋಗಿ, ಅಲ್ಲಿಂದ ಅಪ್ಪನಿಗೆ ಫೋನು ಹಚ್ಚಿಸಿ ಬಾಯಿಗೆ ಬಂದಂತೆ ಬೈದರು. ಹತ್ತು ದಿನದಲ್ಲಿ ಹುಡುಗಿ ಅಜ್ಜಿಯ ಮನೆಗೆ ವಾಪಸು ಬಂದಳು. ಅಲ್ಲಿ ಕಬ್ಬು ಕಟ್ಟಲೂ ಹಚ್ಚಿದ್ದರು, ಬೆರಳ ತುಂಬ ಕಬ್ಬಿನ ಗರಿ ಕೊಯ್ದ ಗಾಯ. ಪೆನ್ನು ಹಿಡಿಯಲು ವಾರ ಹಿಡಿಯಿತು. ಓದಿನಲ್ಲಿ ತೀರಾ ಹಿಂದೆ ಬಿದ್ದಿದ್ದಳು. ಆದರೆ ಬಂದಳು, ದಿನಾ ಬಂದಳು.

ಆ ವರ್ಷ ಮೇಲಿನಿಂದ ಒಂದೇ ಮಾತು, ನೂರಕ್ಕೆ ನೂರು ಫಲಿತಾಂಶ ಬರಬೇಕು. ಕಾಗದದಲ್ಲಿ ಅದರ ಅರ್ಥ ಎಲ್ಲರಿಗೂ ಚೆನ್ನಾಗಿ ಕಲಿಸಿರಿ ಎಂದು. ಅಧಿಕಾರಿಗಳು ಕರೆದ ಸಭೆ ಮುಗಿದು ಚಹಾ ಕುಡಿಯುವಾಗ ಅದರ ಅರ್ಥ ಬೇರೆ. ಪಾಸಾಗದವರನ್ನು ಪರೀಕ್ಷೆಗೇ ಕೂರಿಸಬೇಡಿ, ಹಾಜರಿ ಕಡಿಮೆ ಎಂದು ತೋರಿಸಿ ಎಂದು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳುತ್ತಿದ್ದರು. ಯಾರೂ ಬರೆದು ಕೊಡುತ್ತಿರಲಿಲ್ಲ. ಬರೆದು ಕೊಡಿರಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿದವರು ಅಕ್ಕೋರು ಒಬ್ಬರೇ. ಸಭೆ ನಕ್ಕಿತು.

ಅದೇ ಹೊತ್ತಿಗೆ ಅಕ್ಕೋರ ಅವ್ವನಿಗೆ ಹುಷಾರು ತಪ್ಪಿ, ಅವರು ರಜೆ ಹಾಕಿ ಮಾಗಳಕ್ಕೆ ಹೋದರು. ಶಾಲೆಯ ಉಸ್ತುವಾರಿ ಹಿರಿಯ ಮೇಷ್ಟರ ಕೈಗೆ ಬಂತು. ಈಗ 'ಓಂ ಶಾಂತಿ' ಬರೆದವರು ಅವರೇ. ಅವರು ಏಳೆಂಟು ಮಕ್ಕಳನ್ನು ಕರೆದು, ನಿಮಗೆ ಹಾಜರಿ ಸಾಲದು, ಮುಂದಿನ ವರ್ಷ ನೋಡೋಣ ಎಂದು ಹೇಳಿ ಮನೆಗೆ ಕಳಿಸಿದರು. ಆ ಮಕ್ಕಳನ್ನು ಬಿಟ್ಟು ಉಳಿದವರ ಹೆಸರನ್ನು ಪರೀಕ್ಷೆಗೆ ಕಳಿಸಿದರು. ನಾನು ಹೀಗೆ ಮಾಡಬಾರದು ಎಂದೆ. ನೀವು ಕನ್ನಡದೋರು, ನಿಮ್ಮ ವಿಷಯದಾಗ ಎಲ್ಲಾರೂ ಪಾಸಾಗ್ತಾರ, ನಿಮಗೇನು ತ್ರಾಸು ಎಂದು ನಕ್ಕರು. ನಾನು ಹೊರಗೆ ಬಂದು ಅಕ್ಕೋರಿಗೆ ಫೋನು ಮಾಡಿದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅಕ್ಕೋರು ಬಂದರು. ಸ್ಟಾಫ್ ರೂಮಿಗೆ ಕಾಲಿಡಲಿಲ್ಲ. ನೇರವಾಗಿ ಓಣಿಗಳಿಗೆ ಹೋದರು. ಹುಲಿಗೆಮ್ಮ ಅಜ್ಜಿಯ ಜೊತೆ ಶೇಂಗಾ ಬಿಡಿಸುತ್ತಾ ಕೂತಿದ್ದಳಂತೆ. ಸಮವಸ್ತ್ರ ಹಾಕ್ಕೋ, ನಡಿ ಎಂದರು. ಹೀಗೆ ಮನೆಮನೆಯಿಂದ ಎಬ್ಬಿಸಿ, ಬಂದಷ್ಟು ಅವ್ವಂದಿರನ್ನೂ ಅಜ್ಜಿಯರನ್ನೂ ಸೇರಿಸಿಕೊಂಡು ಬಸ್ಸು ಹತ್ತಿಸಿದರು. ನಾನೂ ರಜೆ ಬರೆದಿಟ್ಟು ಜೊತೆಗೆ ಹೋದೆ. ಶಿಕ್ಷಣಾಧಿಕಾರಿಯ ಕಚೇರಿ ಮುಟ್ಟಿದಾಗ ಅವರು ಇನ್ನೂ ಬಂದಿರಲಿಲ್ಲ. ಅಕ್ಕೋರು ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದರು. ಸುಮ್ಮನೆ ಕೂರುವುದು ಯಾಕೆಂದು, ಗೋಡೆಗೆ ಹಾಕಿದ್ದ ಕಪ್ಪು ಸೂಚನಾ ಫಲಕವನ್ನು ಸೆರಗಿನಿಂದ ಒರೆಸಿ, ಅದರ ಮೇಲೆ ಲೆಕ್ಕ ಬರೆದು ಪಾಠ ಶುರುಮಾಡಿದರು. ಗುಮಾಸ್ತರು ಬಾಗಿಲಲ್ಲಿ ಬಂದು ನಿಂತು ನೋಡತೊಡಗಿದರು.

ಅಧಿಕಾರಿ ಕೆಟ್ಟ ಮನುಷ್ಯರಾಗಿರಲಿಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವ ಸಂಗತಿ. ಅಕ್ಕೋರನ್ನು ಒಳಗೆ ಕರೆದು ಕುರ್ಚಿ ಹಾಕಿಸಿದರು. ಅವರು ಕೂರಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಮೇಡಂ, ನಿಮ್ಮ ಶಾಲಿ ಹೆಸರು ನೀವ ಕೆಡಿಸ್ಕೊಂತೀರಿ. ಆ ಮಕ್ಕಳು ಹ್ಯಾಂಗೂ ಪಾಸಾಗಂಗಿಲ್ಲ," ಎಂದರು ಅಧಿಕಾರಿ, ಮೆಲ್ಲಗೆ.

"ಸರ್, ಗುಣ ಆಗೋರ್ನಷ್ಟ ಒಳಗ ಬಿಟ್ಕೊಂಡ್ರ ಯಾವ ಆಸ್ಪತ್ರಿಗೂ ನೂರಕ್ಕ ನೂರು ಬರ್ತೈತಿ. ಅದನ್ನ ಆಸ್ಪತ್ರಿ ಅಂತೀರೇನು?"

"ಹಾಜರಿ ಇಲ್ಲದ ಮಕ್ಕಳನ್ನ ನಾ ಹ್ಯಾಂಗ ಕುಂದ್ರಸ್ಲಿ?"

"ಹಾಜರಿ ಕಮ್ಮಿ ಆದ್ರ ವಿನಾಯಿತಿಗೆ ಶಿಫಾರಸು ಮಾಡೋ ಅಧಿಕಾರ ಹೆಡ್‌ಮಿಸ್ಸಿಗೆ ಐತಿ. ನಾನು ಮಾಡೀನಿ. ನೀವು ಒಲ್ಲೆ ಅನ್ನೋದಾದ್ರ, ಹೊರಗ ಬಂದು ಆ ಹುಡುಗಿ ಮುಖ ನೋಡಿ ನೀವ ಹೇಳ್ರಿ, ನೀನು ಪರೀಕ್ಷಿ ಬರೀಬಾರದು ಅಂತ. ನನ್ನ ಕೈಲೆ ಹೇಳಸಬ್ಯಾಡ್ರಿ."

ಅಧಿಕಾರಿ ಹೊರಗೆ ಬರಲಿಲ್ಲ. ಬಹಳ ಹೊತ್ತು ಕಿಟಕಿಯಿಂದ ಪಡಸಾಲೆಯ ಕಡೆ ನೋಡಿದರು. ಯಾರಿಗೋ ಫೋನು ಮಾಡಿದರು. ಮಧ್ಯಾಹ್ನದ ಊಟದ ಹೊತ್ತು ಮೀರಿತು. ಅಜ್ಜಿಯೊಬ್ಬಳು ಸೆರಗಿನಲ್ಲಿ ಕಟ್ಟಿ ತಂದಿದ್ದ ಮಂಡಕ್ಕಿಯನ್ನು ಮಕ್ಕಳಿಗೆ ಹಂಚಿದಳು. ಸಂಜೆ ಕಚೇರಿ ಮುಚ್ಚುವ ಮುಂಚೆ ಎಲ್ಲರ ಹೆಸರೂ ಸೇರಿತು. ಅಕ್ಕೋರ ಮುಖದಲ್ಲಿ ಗೆದ್ದ ಕಳೆ ಹುಡುಕಿದೆ, ಇರಲಿಲ್ಲ. ಮಕ್ಕಳ ಒಂದು ದಿನದ ಪಾಠ ಹಾಳಾಯಿತಲ್ಲ ಎಂದು ಬಸ್ಸಿನುದ್ದಕ್ಕೂ ಗೊಣಗಿದರು.

ಆಮೇಲೆ ಆದದ್ದು ಕಥೆಗಳಲ್ಲಿ ಆಗುವಂಥದ್ದಲ್ಲ. ಬೆಳಗ್ಗೆ ಶಾಲೆಗೆ ಮುಂಚೆ, ಸಂಜೆ ಶಾಲೆ ಬಿಟ್ಟ ಮೇಲೆ ಆ ಮಕ್ಕಳಿಗೆ ಪಾಠ ಮಾಡಿದೆವು. ಪರೀಕ್ಷೆ ಬರೆದರು. ಇಬ್ಬರು ಪಾಸಾದರು, ಉಳಿದವರು ಫೇಲಾದರು. ಹುಲಿಗೆಮ್ಮನಿಗೆ ಗಣಿತ ದಾಟಿತು, ಇಂಗ್ಲಿಷ್ ಹೋಯಿತು. ನಮ್ಮ ಶಾಲೆಯ ಫಲಿತಾಂಶ ನೆಲ ಕಂಡಿತು. ಅಕ್ಕೋರಿಗೆ ನೋಟೀಸು ಬಂತು. ಇನ್ನೇನು ಆಗಬೇಕಿದ್ದ ಬಡ್ತಿ ನಿಂತುಹೋಯಿತು. ಅಧಿಕಾರಿಗಳು ಮಾತ್ರವಲ್ಲ, ಊರಿನವರೂ ತಿರುಗಿಬಿದ್ದರು. ನಮ್ಮೂರ ಶಾಲೆಯ ಹೆಸರಿಗೆ ಮಸಿ ಬಳಿದರು ಎಂದು, ಮಕ್ಕಳನ್ನು ಯಾವತ್ತೋ ಕೂಡ್ಲಿಗಿಯ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದವರು ಸಹ ಶಾಲೆಗೆ ಬಂದು ಕೂಗಾಡಿದರು.

ಆ ವಾರವೇ ಹುಲಿಗೆಮ್ಮ ಬಂದಳು. ಬಾಗಿಲಲ್ಲಿ ಕಂಬ ಹಿಡಿದು ನಿಂತು, ನನ್ನಿಂದ ನಿಮಗೆ ಹಿಂಗಾತ್ರಿ ಎಂದು ಅತ್ತಳು. ಅಕ್ಕೋರು ಅವಳನ್ನು ಸಮಾಧಾನ ಮಾಡಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಅವರು ಕೆಂಡವಾದರು.

"ಅಳೋದು ಯಾತಕ್ಕ? ಪರೀಕ್ಷಿ ಬರೆದೋರಷ್ಟ ಫೇಲಾಗ್ತಾರ. ನಿನ್ನ ಹೊರಗ ನಿಂದ್ರಿಸಿದ್ರ ಫೇಲು ಅಂತನೂ ಯಾರೂ ಅಂತಿದ್ದಿಲ್ಲ, ನೀ ಇದ್ದಿ ಅಂತ ಗೊತ್ತ ಆಗ್ತಿದ್ದಿಲ್ಲ. ಒಂದು ವಿಷಯ ಉಳದೈತಿ. ಕುಂದ್ರು, ಪುಸ್ತಕ ತಗಿ."

ಮಳೆಗಾಲಕ್ಕೆ ಮುಂಚೆಯೇ ಅವರ ವರ್ಗಾವಣೆಯ ಆದೇಶ ಬಂತು. ಹರಪನಹಳ್ಳಿ ದಾಟಿ, ಹಲವಾಗಲು ಕಡೆಯ ಒಂದು ಊರು. ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದ ಮಂಡಿನೋವಿನ ಹೆಂಗಸನ್ನು ಅಷ್ಟು ದೂರ ಎಸೆದರು. ಅಕ್ಕೋರು ಬೀಳ್ಕೊಡುಗೆ ಬೇಡವೆಂದರು. ಹಿರಿಯ ಮೇಷ್ಟರು ಒಂದು ಹಾರ ತಂದಿದ್ದರು, ಅಕ್ಕೋರು ಅದನ್ನು ಗೋಡೆಯ ಮೇಲಿನ ಸರಸ್ವತಿಗೆ ಹಾಕಿ ಬಸ್ಸು ಹತ್ತಿದರು. ಮುಂದಿನ ವರ್ಷ ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು. ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಜಾಹೀರಾತಿನ ಫಲಕದಷ್ಟು ದೊಡ್ಡ ಬ್ಯಾನರು ಕಟ್ಟಿದರು.

ಹುಲಿಗೆಮ್ಮ ಎರಡನೆಯ ಸಲಕ್ಕೆ ಇಂಗ್ಲಿಷ್ ದಾಟಿದಳು. ಒಂದು ಪೊಟ್ಟಣ ಪೇಡೆ ಕಟ್ಟಿಸಿಕೊಂಡು, ನನ್ನನ್ನೂ ಎಬ್ಬಿಸಿಕೊಂಡು ಹಲವಾಗಲು ಬಸ್ಸಿಗೆ ಹೊರಟಳು. ಅಕ್ಕೋರು ಬಾಡಿಗೆಮನೆಯ ಜಗುಲಿಯಲ್ಲಿ ಯಾರದೋ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಸುದ್ದಿ ಕೇಳಿ ಹುಡುಗಿಯ ಕೈಯನ್ನು ಗಟ್ಟಿಯಾಗಿ ಹಿಡಿದರು, ಅಷ್ಟೆ. ಪೇಡೆ ಮುಟ್ಟಲಿಲ್ಲ. ನಿನ್ನ ಜೊತೆ ಬರೆದ ಉಳಿದವರು ಎಲ್ಲಿದ್ದಾರೆ ಎಂದು ಕೇಳಿದರು. ಒಬ್ಬ ಬೆಂಗಳೂರಿನಲ್ಲಿ ಸಿಮೆಂಟಿನ ಕೆಲಸಕ್ಕೆ ಹೋಗಿದ್ದಾನೆ, ಒಬ್ಬಳಿಗೆ ಮದುವೆಯಾಯಿತು, ಇಬ್ಬರು ಊರಲ್ಲೇ ಇದ್ದಾರೆ ಎಂದಳು. ಆ ಇಬ್ಬರನ್ನು ಕರೆದುಕೊಂಡು ಬಾ, ಆಮೇಲೆ ತಿನ್ನುತ್ತೇನೆ ಎಂದರು. ಮುಂದಿನ ಭಾನುವಾರ ಹುಲಿಗೆಮ್ಮ ಇಬ್ಬರನ್ನೂ ಕರೆದುಕೊಂಡು ಹೋದಳು. ಅಕ್ಕೋರ ಹತ್ತಿರ ಪಾಠ ಹೇಳಿಸಿಕೊಂಡು ಅವರಲ್ಲಿ ಒಬ್ಬ ಪಾಸಾದ. ಹುಲಿಗೆಮ್ಮ ಈಗ ಹಗರಿಬೊಮ್ಮನಹಳ್ಳಿಯ ಒಂದು ಔಷಧಿ ಅಂಗಡಿಯಲ್ಲಿದ್ದಾಳೆ. ಇಂಗ್ಲಿಷಿನಲ್ಲಿ ಫೇಲಾದವಳು ಡಾಕ್ಟರರ ಕೈಬರಹ ಓದಿ ಔಷಧಿ ಹುಡುಕಿ ಕೊಡುತ್ತಾಳೆ.

ಅಕ್ಕೋರು ನಿವೃತ್ತರಾಗಿ ಮಾಗಳಕ್ಕೆ ಹೋದರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವರು, ಮಕ್ಕಳಿರಲಿಲ್ಲ. ತಮ್ಮನ ಮನೆಯಲ್ಲಿ ಒಂದು ಕೋಣೆ. ಮೂತ್ರಪಿಂಡದ ತೊಂದರೆ ಶುರುವಾಗಿ, ವರ್ಷದೊಳಗೆ ಮೈ ಅರ್ಧಕ್ಕಿಳಿಯಿತು. ಈ ಜನವರಿಯಲ್ಲಿ ನಾನು ನೋಡಲು ಹೋದಾಗ ಹಾಸಿಗೆಯಲ್ಲಿ ಗೋಡೆಗೊರಗಿ ಕೂತಿದ್ದರು. ನನ್ನ ಯೋಗಕ್ಷೇಮ ಕೇಳಲಿಲ್ಲ. ಈ ವರ್ಷ ಯಾರನ್ನು ಬಿಟ್ಟಿರಿ ಎಂದು ಕೇಳಿದರು.

ಮಂಜಮ್ಮ ಎಂಬ ಹುಡುಗಿ ಡಿಸೆಂಬರಿನಿಂದ ಬರುತ್ತಿಲ್ಲ ಎಂದು ಹೇಳಿದೆ. ಹರಪನಹಳ್ಳಿಯಲ್ಲಿ ಅವಳ ಸೋದರತ್ತೆಗೆ ಹೆರಿಗೆಯಾಗಿದೆ, ಕೂಸು ನೋಡಿಕೊಳ್ಳಲು ಅಪ್ಪ ಅಲ್ಲಿಗೆ ಕಳಿಸಿದ್ದಾನೆ. ಮುಖ್ಯೋಪಾಧ್ಯಾಯರು, ಹೋದರೆ ಹೋಗಲಿ ಬಿಡ್ರಿ, ಹೇಗೂ ಪಾಸಾಗುತ್ತಿರಲಿಲ್ಲ ಎಂದರು. ಅವರೊಡನೆ ಜಗಳವಾಯಿತು. ಅಪ್ಪನ ಹತ್ತಿರ ಎರಡು ಸಲ ಹೋಗಿ ಕೇಳಿದ್ದೇನೆ, ಒಪ್ಪುತ್ತಿಲ್ಲ.

"ಅಪ್ಪನ್ನ ಕೇಳೀ. ಆಕಿನ್ನ ಕೇಳಿಯಾ?"

ಹರಪನಹಳ್ಳಿಗೆ ಹೋಗಲು ಆಗಿಲ್ಲ, ಇವತ್ತು ನಿಮ್ಮನ್ನು ನೋಡಲು ಬಂದೆ ಎಂದೆ.

"ನನ್ನ ನೋಡಿ ಏನು ಮಾಡ್ತೀ? ನನಗೇನು ಪರೀಕ್ಷಿ ಐತಾ? ಬಸ್ ಐತಿ, ಹೋಗು. ಆಕಿನ್ನ ನೋಡು ಹೋಗು."

ಅಷ್ಟು ಹೇಳಲು ಅವರಿಗೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಚಹಾ ತಂದ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟಳು. ನಾನು ಚಹಾ ಕುಡಿಯದೆ ಎದ್ದೆ. ಬಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು, ದುಃಖದಿಂದಲ್ಲ. ಎರಡು ಬಸ್ಸು ಬದಲಾಯಿಸಿ ಬಂದವಳನ್ನು ಯಾರಾದರೂ ಹೀಗೆ ಎಬ್ಬಿಸಿ ಕಳಿಸುತ್ತಾರೆಯೇ ಎಂದು ಹಡಗಲಿಯವರೆಗೂ ಅವರ ಮೇಲೆ ಕುದಿಯುತ್ತಿದ್ದೆ. ಹಡಗಲಿ ಬಸ್ ನಿಲ್ದಾಣದಲ್ಲಿ ಕೊಟ್ಟೂರಿನ ಬಸ್ಸು ಹೊರಡಲು ನಿಂತಿತ್ತು. ಅದರ ಪಕ್ಕದಲ್ಲಿ ಹರಪನಹಳ್ಳಿಯ ಬಸ್ಸು. ನಾನು ಹರಪನಹಳ್ಳಿಯದನ್ನು ಹತ್ತಿದೆ.

ಮಂಜಮ್ಮ ಹಿತ್ತಲಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ನಿನಗೆ ಪರೀಕ್ಷೆ ಬರೆಯಬೇಕೇನು ಎಂದು ಕೇಳಿದೆ. ಅವಳು ಒದ್ದೆ ಕೈಯಲ್ಲೇ ಎದ್ದು ನಿಂತು, ನನ್ನನ್ನ ಯಾರೂ ಕೇಳಿದ್ದಿಲ್ಲರಿ ಎಂದಳು. ಅವಳ ಅತ್ತೆ ಬಾಣಂತಿಯ ಕೋಣೆಯಿಂದಲೇ, ಕರಕೊಂಡು ಹೋಗ್ರಿ ಟೀಚರ್, ಇದು ಅವರಪ್ಪನ ಹಟ, ನಮ್ಮದಲ್ಲ ಎಂದಳು. ಅಪ್ಪನನ್ನು ಒಪ್ಪಿಸಲು ಇನ್ನೂ ಒಂದು ವಾರ ಹಿಡಿಯಿತು. ಹಾಜರಿ ಸಾಲದು ಎಂದು ಮುಖ್ಯೋಪಾಧ್ಯಾಯರು ಹೇಳಿದಾಗ, ಹಾಗಾದರೆ ಅದನ್ನು ಬರೆದು ಕೊಡಿರಿ ಎಂದೆ. ಅವರು ಬರೆದು ಕೊಡಲಿಲ್ಲ, ಅವಳ ಹೆಸರನ್ನು ಪರೀಕ್ಷೆಗೆ ಕಳಿಸಿದರು.

ಅಕ್ಕೋರಿಗೆ ಈ ವಿಷಯ ಫೋನಿನಲ್ಲಿ ಹೇಳಿದೆ. ಹ್ಞೂಂ ಎಂದರು. ಅದೇ ಕೊನೆಯ ಮಾತು.

ಅವರನ್ನು ಮಣ್ಣು ಮಾಡಿ ಬಂದು ಇವತ್ತಿಗೆ ವಾರ ಕಳೆದಿಲ್ಲ. ಪರೀಕ್ಷೆಗಳು ನಡೆಯುತ್ತಿವೆ. ನಾಳೆ ಗಣಿತ. ಮಂಜಮ್ಮ ಪಾಸಾಗುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆಯುತ್ತಾಳೆ.